ಸೋರಿಯಾಸಿಸ್ ಕೀಲಿಗಿಳಿದಾಗ

ಸೋರಿಯಾಸಿಸ್ ಎಂದರೆ ಮೊಣಕೈ, ಮಂಡಿ, ನೆತ್ತಿಯ ಮೇಲೆ ಏಳುವ ದಪ್ಪ ಕಲೆ ಮತ್ತು ಅದರಿಂದ ಉದುರುವ ಬಿಳಿ ಹೊಟ್ಟು. ಹೆಚ್ಚಿನವರ ತಿಳಿವಳಿಕೆ ಇಲ್ಲಿಗೇ ನಿಲ್ಲುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವುದರಿಂದ ಬರುವ ಕಾಯಿಲೆ ಇದು, ಅಂಟುರೋಗವಲ್ಲ. ಚರ್ಮದ ಕೋಶಗಳು ಹುಟ್ಟಿ ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹೀಗೆ ಚರ್ಮವನ್ನು ಕೆರಳಿಸುವ ಟಿಎನ್ಎಫ್, ಇಂಟರ್‌ಲ್ಯೂಕಿನ್-17 ಮೊದಲಾದ ಪ್ರೋಟೀನುಗಳೇ ಕೀಲುಗಳಲ್ಲೂ ಉರಿಯೂತ ಎಬ್ಬಿಸುತ್ತವೆ. ಆಗ ಬರುವುದು ಸೋರಿಯಾಟಿಕ್ ಸಂಧಿವಾತ. ಸೋರಿಯಾಸಿಸ್ ಇರುವವರಲ್ಲಿ ಶೇ 30ರವರೆಗೂ ಜನರನ್ನು ಇದು ಕಾಡಬಹುದು.

ಫ್ರಾನ್ಸಿನ ಚರ್ಮವೈದ್ಯ ಜಾನ್ ಲೂಯಿ ಅಲಿಬೇರ್ ಈ ನಂಟನ್ನು 1818ರಲ್ಲೇ ಗುರುತಿಸಿದ್ದರು. ಆದರೂ ಬಹುಕಾಲ ಇದನ್ನು ಆಮವಾತದ (ರುಮಟಾಯ್ಡ್ ಆರ್ಥ್ರೈಟಿಸ್) ಲೆಕ್ಕಕ್ಕೇ ಸೇರಿಸಲಾಗಿತ್ತು. ಅಮೆರಿಕದ ಸಂಧಿವಾತ ತಜ್ಞರ ಸಂಘ ಇದನ್ನು ಬೇರೆಯೇ ರೋಗವೆಂದು ಒಪ್ಪಿದ್ದು 1964ರಲ್ಲಿ.

ಈ ರೋಗದ ಒಂದು ಮುಖ್ಯ ನೆಲೆ ಸ್ನಾಯುರಜ್ಜು ಮೂಳೆಗೆ ಅಂಟಿಕೊಳ್ಳುವ ಜಾಗ. ಅದಕ್ಕೇ ಅನೇಕರಿಗೆ ಮೊದಲು ಹಿಮ್ಮಡಿ ನೋಯುತ್ತದೆ, ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡಲಾಗುವುದಿಲ್ಲ. ಚಪ್ಪಲಿ ಬದಲಿಸುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಮೊಣಕೈಯ ಕಲೆಗೂ ಹಿಮ್ಮಡಿಗೂ ಸಂಬಂಧವಿದ್ದೀತು ಎಂದು ಯಾರಿಗೂ ಹೊಳೆಯುವುದಿಲ್ಲ. ಕೆಲವರಿಗೆ ಕೈಯ ಅಥವಾ ಕಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ಪೂರಾ ಊದಿಕೊಳ್ಳುತ್ತದೆ. ಗಂಟಷ್ಟೇ ಅಲ್ಲ, ಇಡೀ ಬೆರಳು ಊದುವುದು ಈ ರೋಗದ ಬಲವಾದ ಗುರುತು. ಬೆನ್ನುಮೂಳೆಗೆ ತಗುಲಿದರೆ ಸೊಂಟ ಹಿಡಿದುಕೊಳ್ಳುತ್ತದೆ. ವಿಶ್ರಾಂತಿಯಲ್ಲಿ ಹೆಚ್ಚಿ ಓಡಾಡಿದಂತೆ ಸಡಿಲವಾಗುವುದು, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿಯುವುದು ಉರಿಯೂತದ ನೋವಿನ ಲಕ್ಷಣ. ಸವೆತದ ನೋವು ಸಾಮಾನ್ಯವಾಗಿ ದುಡಿದಂತೆ ಹೆಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಸಲ್ಲಬೇಕಾದದ್ದು ಉಗುರಿಗೆ. ಬೆರಳ ತುದಿಯ ಕೀಲನ್ನು ನೆಟ್ಟಗೆ ಚಾಚಿಸುವ ಸ್ನಾಯುರಜ್ಜುವಿನ ಎಳೆಗಳು ಉಗುರಿನ ಬುಡದವರೆಗೂ ಹಬ್ಬಿವೆ. ಹಾಗಾಗಿ ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು ಬಿದ್ದಿದ್ದರೆ, ಉಗುರು ತುದಿಯಿಂದ ಬಿಟ್ಟುಕೊಂಡಿದ್ದರೆ, ಕೀಲಿಗೂ ರೋಗ ಇಳಿಯುವ ಸಂಭವ ಹೆಚ್ಚು. ಉಗುರಿಗೆ ಫಂಗಸ್ ಹತ್ತಿದೆ ಎಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡಿರುವವರೂ ಇದ್ದಾರೆ. ಮೈಮೇಲೆ ಕಲೆ ಎಷ್ಟಿದೆ ಎಂಬುದರಿಂದ ಕೀಲಿನ ಸ್ಥಿತಿಯನ್ನು ಅಳೆಯಲಾಗದು. ನೆತ್ತಿಯಲ್ಲಷ್ಟೇ ಹೊಟ್ಟು ಇರುವವರ ಬೆರಳುಗಳೂ ಸೊಟ್ಟಗಾಗಬಹುದು. ಬಹುಪಾಲು ಜನರಲ್ಲಿ ಚರ್ಮದ ರೋಗ ಮೊದಲು ಬಂದು, ಎಷ್ಟೋ ವರ್ಷಗಳ ಮೇಲೆ ಕೀಲುನೋವು ಶುರುವಾಗುತ್ತದೆ. ಕೆಲವರಲ್ಲಿ ಕೀಲೇ ಮೊದಲು.

ಇದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಇಲ್ಲ. ಆಮವಾತವನ್ನು ಗುರುತಿಸಲು ಮಾಡುವ ಆರ್‌ಎ ಫ್ಯಾಕ್ಟರ್ ಇಲ್ಲಿ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ, ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಕೂಡ ಸರಿಯಾಗಿಯೇ ಇರಬಹುದು. ರಿಪೋರ್ಟ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ರೋಗಿಯ ನೋವನ್ನು ತಳ್ಳಿಹಾಕುವುದು ಅನ್ಯಾಯ.

ಚಿಕಿತ್ಸೆಯಿಂದ ರೋಗ ಬುಡಸಮೇತ ಹೋಗುವುದಿಲ್ಲ, ಹತೋಟಿಗೆ ಬರುತ್ತದೆ. ಹಗುರ ನೋವಿಗೆ ನೋವುನಿವಾರಕ, ಮುಂದುವರಿದರೆ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ. ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇದಕ್ಕೂ ಬಗ್ಗದಿದ್ದರೆ ಟಿಎನ್ಎಫ್, ಇಂಟರ್‌ಲ್ಯೂಕಿನ್‌ಗಳನ್ನು ತಡೆಯುವ ಬಯಾಲಜಿಕ್ ಚುಚ್ಚುಮದ್ದುಗಳಿವೆ. ಅಡಗಿರುವ ಕ್ಷಯ ಇವುಗಳಿಂದ, ಅದರಲ್ಲೂ ಟಿಎನ್ಎಫ್ ತಡೆಯುವ ಔಷಧಗಳಿಂದ, ತಲೆಯೆತ್ತಬಹುದಾದ್ದರಿಂದ ಮೊದಲು ಆ ಪರೀಕ್ಷೆ ಆಗಲೇಬೇಕು. ಬೇಗ ಗುಣ ಕಾಣಲೆಂದು ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಮಾತ್ರೆ ನುಂಗುವುದು ಬೇಡ. ಅದನ್ನು ನಿಲ್ಲಿಸಿದಾಗ ಚರ್ಮದ ರೋಗ ಕೀವುಗುಳ್ಳೆಗಳಾಗಿ ಮೈಯೆಲ್ಲ ಕೆರಳಬಹುದು.

ಹಾಳಾದ ಕೀಲನ್ನು ಔಷಧ ಮೊದಲಿನಂತೆ ಮಾಡಲಾರದು. ಸಂಧಿವಾತ ತಜ್ಞರನ್ನು ಕಾಣುವುದು ಆರು ತಿಂಗಳು ತಡವಾದರೂ ಮೂಳೆಯ ಹಾನಿ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನವೊಂದು ತೋರಿಸಿದೆ. ಸೋರಿಯಾಸಿಸ್ ಇರುವವರು ಚರ್ಮವೈದ್ಯರ ಬಳಿ ಹೋದಾಗ ಉಗುರನ್ನೂ ತೋರಿಸಲಿ, ಹಿಮ್ಮಡಿ ನೋವಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಲಿ.