ಸಂದರ್ಶನಕ್ಕೆ ಬಂದ ಮೂರು ಊರುಗಳು



ಕಾಯಕದ ನಿಷ್ಠೆಯು ಅದರ ಸಣ್ಣ ಸಂಗತಿಗಳಲ್ಲಿಯೇ ವ್ಯಕ್ತವಾಗುತ್ತದೆ. ಸಿದ್ದಾಪುರದವನಾದ ನಾನು ವೆಬ್ ಡೆವಲಪರ್ ಹುದ್ದೆಗಾಗಿ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಸಂದರ್ಶನಕ್ಕೆ ಹೋದಾಗ, ಊರಿನ ಹೆಸರು ತುಂಬುವ ಅರ್ಜಿಪುಟವೊಂದನ್ನು ರಚಿಸಲು ಹೇಳಿದರು. ಹೆಸರು 8 ಅಕ್ಷರ ಮೀರಬಾರದೆಂಬುದು ನಿಯಮ.

ಇಂಗ್ಲಿಷಿನಲ್ಲಿ ನಮ್ಮ ಮೂರೂ ತಾಲೂಕುಗಳ ಹೆಸರು ಹಿಡಿಸಿದವು. ಕನ್ನಡದಲ್ಲಿ ಶಿರಸಿ, ಯಲ್ಲಾಪುರ ಸೇರಿದವು. ಸಿದ್ದಾಪುರದ ಕೊನೆಯ ‘ರ’ ಮಾತ್ರ ಹೊರಗುಳಿಯಿತು.

ನಮ್ಮ ಕಣ್ಣಿಗೆ ಸಿದ್ದಾಪುರವು 4 ಅಕ್ಷರ. ಆದರೆ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿತ್ತ ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗೂ ಒತ್ತಕ್ಷರದ ನಡುವಣ ವಿರಾಮಕ್ಕೂ ಪ್ರತ್ಯೇಕ ಸಂಕೇತಗಳಿವೆ. ಆದ್ದರಿಂದ ಯಂತ್ರದ ಎಣಿಕೆಯಲ್ಲಿ ಶಿರಸಿ 5, ಯಲ್ಲಾಪುರ 8, ಸಿದ್ದಾಪುರ 9.

ಮಿತಿಯನ್ನು ಹೆಚ್ಚಿಸಬೇಕೆಂದು ವಿನಂತಿಸಿದೆನು. “ಒಂದು ಊರಿಗಾಗಿಯೇ?” ಎಂದರು. “ತನ್ನ ಊರನ್ನು ಪೂರ್ತಿ ಬರೆಯಲಾಗದವನು ಆ ಅರ್ಜಿಯನ್ನು ಹೇಗೆ ನಂಬಿಯಾನು?” ಎಂದೆನು. ಹುದ್ದೆ ಬೇರೊಬ್ಬರಿಗೆ ಸಂದಿತು. ಆದರೆ ಅಂದಿನಿಂದ ಯಾವ ಪುಟವನ್ನು ರಚಿಸಿದರೂ ಅದರಲ್ಲಿ ಮೊದಲು ಕನ್ನಡದ ಹೆಸರೊಂದನ್ನು ಬರೆದು ನೋಡದೆ ಒಪ್ಪಿಸಿದವನಲ್ಲ.

ಇಂತಹ ಸಂದರ್ಶನಗಳಿಗೆ ಹೊರಡುವ ನಮ್ಮ ಸೀಮೆಯ ಮಕ್ಕಳೂ ಈ ಒಂದು ಪರೀಕ್ಷೆಯನ್ನು ರೂಢಿಸಿಕೊಳ್ಳಲಿ. ಕೇಳುವವರು ಕೇಳದಿದ್ದರೂ, ಅರ್ಜಿ ತುಂಬುವವರು ನಮ್ಮವರೇ ಅಲ್ಲವೇ?