ನಾಲ್ಕನೆಯವರು

ಬೆಂಗಳೂರಲ್ಲಿ ಓದುತ್ತಿದ್ದಾಗ ಬಸ್ಸು ಸ್ಯಾಂಕಿ ರಸ್ತೆಯಲ್ಲಿ ಹೋಗುವಾಗೆಲ್ಲ ಗಾಲ್ಫ್ ಕ್ಲಬ್ಬಿನ ಬೇಲಿ ಕಾಣುತ್ತಿತ್ತು. 1876ರಲ್ಲಿ ಶುರುವಾದ ಕ್ಲಬ್ಬು ಅದು. ಒಳಗಿನ ಹುಲ್ಲು ನಮ್ಮಂಥವರಿಗಲ್ಲ ಅಂತ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಂ.ಎಸ್. ಮಾಡೋಕೆ ಇಲ್ಲಿಗೆ ಬಂದು, ಕೆಲಸ ಸಿಕ್ಕಿ, ಮೂವತ್ತು ದಾಟಿದ ಮೇಲೆ ಮೊದಲ ಸಲ ಗಾಲ್ಫ್ ಕೋಲು ಹಿಡಿದೆ. ಬೇ ಏರಿಯಾದಲ್ಲಿ ನಗರಸಭೆಗಳಿಗೆ ಸೇರಿದ ಮೈದಾನಗಳಿವೆ. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಆಡಬಹುದು. ಹಾಗೆ ಆಡೋಕೆ ಶುರುಮಾಡಿದ ಕನ್ನಡದ ಗೆಳೆಯರದ್ದೇ ಒಂದು ಪುಟ್ಟ ಲೀಗ್ ಇದೆ. ಈ ವರ್ಷದ ಸ್ಕ್ರ್ಯಾಂಬಲ್ ಪಂದ್ಯ ನಡೆಸುವ ಜವಾಬ್ದಾರಿ ನನ್ನ ತಲೆಗೆ ಬಂತು.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕ್ರ್ಯಾಂಬಲ್ ಅಂದರೆ ನಾಲ್ವರ ತಂಡ. ನಾಲ್ವರೂ ಹೊಡೀತಾರೆ, ಎಲ್ಲಕ್ಕಿಂತ ಒಳ್ಳೆಯ ಚೆಂಡು ಆರಿಸಿಕೊಂಡು ಆ ಜಾಗದಿಂದಲೇ ನಾಲ್ವರೂ ಮತ್ತೆ ಹೊಡೀತಾರೆ. ಒಬ್ಬೊಬ್ಬರ ಹೊಡೆತ ಸರಿಬೀಳುವ ಸಾಧ್ಯತೆ ಶೇ. 30 ಅಂದುಕೊಳ್ಳಿ. ನಾಲ್ವರೂ ಒಟ್ಟಿಗೆ ತಪ್ಪುವ ಸಾಧ್ಯತೆ ಬರೀ ಶೇ. 24. ಅಂದರೆ ನಾಲ್ಕರಲ್ಲಿ ಮೂರು ಸಲ ಯಾರಾದರೊಬ್ಬರ ಕೈ ಹಿಡಿಯುತ್ತೆ. ಹೊಸಬರಿಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ.

ತಂಡ ಕಟ್ಟೋದು ಮಾತ್ರ ತಲೆನೋವು. ಮೂವತ್ತೆರಡು ಜನ, ಎಂಟು ತಂಡ. ತಂಡದ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಒಂದು ಸೂತ್ರವಿದೆ: ಚೆನ್ನಾಗಿ ಆಡುವವರ ಹ್ಯಾಂಡಿಕ್ಯಾಪಿನಲ್ಲಿ ಶೇ. 25, ಎರಡನೆಯವರದ್ದು 20, ಮೂರನೆಯವರದ್ದು 15, ನಾಲ್ಕನೆಯವರದ್ದು 10. ಹ್ಯಾಂಡಿಕ್ಯಾಪ್ 8, 14, 20, 28 ಇರುವ ತಂಡಕ್ಕೆ 10.6, ಅಂದರೆ 11. ನಾನು ಡೇಟಾ ಸೈಂಟಿಸ್ಟ್ ಅಲ್ವಾ, ಸುಮ್ಮನಿರ್ತೀನಾ? ಎಲ್ಲರನ್ನೂ ನಾಲ್ಕು ದರ್ಜೆ ಮಾಡಿ, ದರ್ಜೆಗೊಬ್ಬರಂತೆ ಹತ್ತು ಸಾವಿರ ಸಲ ಕಲಸಿ, ತಂಡಗಳ ನಡುವೆ ಅತಿ ಕಡಿಮೆ ಅಂತರ ಬರುವ ಜೋಡಣೆ ಆರಿಸುವ ಪೈಥಾನ್ ಪ್ರೋಗ್ರಾಂ ಬರೆದೆ. ಪಟ್ಟಿ ಗ್ರೂಪಿಗೆ ಹಾಕಿ ಕಾಲರ್ ಎತ್ತಿಕೊಂಡು ಕೂತೆ.

ಅರ್ಧ ಗಂಟೆಯಲ್ಲಿ ಒಂದು ತಂಡದಿಂದ ಖಾಸಗಿ ಮೆಸೇಜು: "ಗುರೂ, ಅಂಕಲ್‌ನ ಬೇರೆ ಟೀಮ್‌ಗೆ ಹಾಕಕ್ಕಾಗುತ್ತಾ? ಬೇಜಾರು ಮಾಡ್ಕೋಬೇಡ."

ಈ ಅಂಕಲ್‌ಗೆ ಎಪ್ಪತ್ತು ದಾಟಿದೆ. ನಾನು ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದ ರಾತ್ರಿ ಏರ್‌ಪೋರ್ಟಿನಿಂದ ಕರೆದುಕೊಂಡು ಹೋಗಿ ಹುಳಿ ಅನ್ನ ಹಾಕಿದವರು. ಆಂಟಿ ಹೋದ ಮೇಲೆ ಮನೇಲಿ ಕೂರೋಕಾಗದೆ ಗಾಲ್ಫಿಗೆ ಬಂದರು. ನಾನು ಆ ಮೆಸೇಜಿಗೆ ಬೈದು ಬರೀಬೇಕಿತ್ತು. ಬರೀಲಿಲ್ಲ. ಅವರನ್ನ ಸದ್ದಿಲ್ಲದೆ ನನ್ನ ತಂಡಕ್ಕೆ ಹಾಕಿಕೊಂಡು, ನಮ್ಮವರೊಬ್ಬರನ್ನ ಅಲ್ಲಿಗೆ ಕಳಿಸಿದೆ. ಒಳ್ಳೆಯವನಾದೆ ಅಂದುಕೊಂಡೆ.

ಸಂಜೆ ಅವರೇ ಫೋನ್ ಮಾಡಿದರು. "ಪಟ್ಟಿ ಬದಲಾಯ್ತಲ್ಲಪ್ಪಾ?"

ತಡವರಿಸಿದೆ. ಸಮಾಧಾನ ಹೇಳೋಣ ಅಂತ, "ಒಬ್ಬೊಬ್ಬರ ಮೂರು ಡ್ರೈವ್ ಬಳಸಲೇಬೇಕು ಅನ್ನೋ ರೂಲ್ ಈ ಸಲ ತೆಗೀತಿದ್ದೀನಿ ಅಂಕಲ್. ನಿಮಗೆ ಟೆನ್ಷನ್ ಇರಲ್ಲ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೇಡಪ್ಪಾ, ಅದು ಇರ್ಲಿ. ಅದೂ ಇಲ್ಲಾಂದ್ರೆ ನಾನು ಕಾರ್ಟಲ್ಲಿ ಕೂತಿರೋ ಬ್ಯಾಗು ಅಷ್ಟೇ."

ಅವತ್ತು ನಿದ್ದೆ ಬರಲಿಲ್ಲ. ಹದಿನೆಂಟು ಹೋಲ್‌ಗಳಲ್ಲಿ ನಾಲ್ವರದ್ದು ಮೂರು ಮೂರಾದರೆ ಹನ್ನೆರಡು. ಇನ್ನೂ ಆರು ಬಿಡುವು. ಆ ಹನ್ನೆರಡು ತಂಡಕ್ಕೆ ಹೊರೆ ಅಂತ ಲೆಕ್ಕ ಹಾಕಿದ್ದೆ. ನಾಲ್ಕನೆಯವರಿಗೆ ಅದೊಂದೇ ಜಾಗ ಅಂತ ಹೊಳೆದಿರಲಿಲ್ಲ. ರೂಲ್ ಉಳಿಸಿದೆ.

ಪಂದ್ಯ ಮೌಂಟನ್ ವ್ಯೂನ ಶೋರ್‌ಲೈನ್‌ನಲ್ಲಿ. ಅಲ್ಲಿನ ಪಾರ್ಕು ಒಂದು ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಕಸ ತುಂಬಿದ ನೆಲ; ಈಗ ಹುಲ್ಲು, ಬಾತುಗಳು, ಕೊಲ್ಲಿಯ ಗಾಳಿ. ಅಂಕಲ್‌ರ ಎರಡು ಡ್ರೈವ್‌ಗಳನ್ನ ಚಿಕ್ಕ ಹೋಲ್‌ಗಳಲ್ಲೇ ಬಳಸಿಕೊಂಡೆವು. ಹಸಿರಿನ ಮೇಲೆ ಅವರನ್ನೇ ಮೊದಲು ಪಟ್ ಮಾಡಿಸಿದೆವು. ಇದು ಕರುಣೆಯಲ್ಲ, ಲೆಕ್ಕ: ಮೊದಲ ಚೆಂಡು ಹೇಗೆ ತಿರುಗುತ್ತೆ ಅಂತ ನೋಡಿಕೊಂಡು ಉಳಿದ ಮೂವರು ಹೊಡೀಬಹುದು. ಎರಡು ಸಲ ಅವರದ್ದೇ ಒಳಗೆ ಬಿತ್ತು.

ಮೂರನೇ ಡ್ರೈವ್ ಬಾಕಿಯಿದ್ದಾಗಲೇ ಹದಿನೇಳನೆಯ ಹೋಲ್ ಬಂತು. ಎದುರು ಗಾಳಿ. ನನ್ನ ಚೆಂಡು 220 ಗಜ ಹೋಗಿ ಒಳ್ಳೆ ಜಾಗದಲ್ಲಿ ಕೂತಿತ್ತು. ಅವರದ್ದು ನೇರವಾಗಿ, 140 ಗಜ. "ಇದನ್ನೇ ತಗೊಳ್ಳೋಣ" ಅಂದೆ. ಆ ಹೋಲಲ್ಲಿ ಒಂದು ಹೊಡೆತ ಹೆಚ್ಚಾಯ್ತು. ಕೊನೆಗೆ ಒಂದೇ ಹೊಡೆತದಲ್ಲಿ ಬಹುಮಾನ ತಪ್ಪಿತು.

ಪಾರ್ಕಿಂಗ್‌ನಲ್ಲಿ ಶೂ ಬಿಚ್ಚುತ್ತಾ ಅಂಕಲ್ ನಕ್ಕರು. "ನನ್ನಿಂದ ಸೋತ್ರಲ್ಲೋ."

"ಹೌದು ಅಂಕಲ್," ಅಂದೆ. ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ.

ಅವರಿಗೆ ಅದು ಖುಷಿಯಾದ ಹಾಗೆ ಕಾಣಿಸ್ತು. "ಮುಂದಿನ ವರ್ಷ ನಿನ್ನ ಕಂಪ್ಯೂಟರ್ ಎಲ್ಲಿ ಹಾಕುತ್ತೋ ಅಲ್ಲೇ ಬಿಡು," ಅಂದು ಡಿಕ್ಕಿ ಮುಚ್ಚಿದರು.

ಆ ಮೆಸೇಜು ಕಳಿಸಿದವನಿಗೆ ಮರುದಿನ ಫೋನ್ ಮಾಡಿದೆ. ಅಂದೇ ಮಾಡಬೇಕಿದ್ದ ಫೋನ್ ಅದು.