ನೆಲದ ಮೇಲಿನ ಹೊತ್ತು
(2023ರ ದಿನಚರಿಯಿಂದ ಕೆಲವು ಪುಟಗಳು)

ಏಪ್ರಿಲ್ 14, ಶುಕ್ರವಾರ. ಬೆಂಗಳೂರು

ಅಂಬೇಡ್ಕರ್ ಜಯಂತಿ. ವಿಧಾನಸಭಾ ಚುನಾವಣೆಯ ಅಧಿಸೂಚನೆ ನಿನ್ನೆ ಹೊರಬಿದ್ದಿದೆ. ಪ್ರಚಾರಕ್ಕೆ ವಿಮಾನ, ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ನಮ್ಮ ಚಾರ್ಟರ್ ಕಂಪನಿಯಲ್ಲಿ ಇನ್ನು ನಾಲ್ಕು ವಾರ ಯಾರಿಗೂ ರಜೆಯಿಲ್ಲ. ತೈಲ ಸರಬರಾಜು ಮಾಡುವವರ ಲೆಕ್ಕದ ವಿಭಾಗಕ್ಕೆ ಮಾತ್ರ ಇಂದು ರಜೆ. ಬೆಳಿಗ್ಗೆ ಬೌಸರ್ (ವಿಮಾನಕ್ಕೆ ಇಂಧನ ತುಂಬುವ ಗಾಡಿ) ಕೇಳಿ ಫೋನ್ ಮಾಡಿದರೆ, "ನಿಮ್ಮ ಠೇವಣಿ ಖಾಲಿ ತೋರಿಸ್ತಿದೆ ಸರ್. ಬ್ಯಾಲೆನ್ಸ್ ಕಾಣದೆ ಗಾಡಿ ಕಳಿಸೋ ಹಾಗಿಲ್ಲ" ಎಂದರು. ಹಣ ನಿನ್ನೆ ರಾತ್ರಿಯೇ ಹೋಗಿದೆ. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ಹಗಲೂ ರಾತ್ರಿ ನಡೆಯುತ್ತದೆ, ಹಾಗಾಗಿ ಬ್ಯಾಂಕಿನ ಮೇಲೆ ಹಾಕುವಂತಿಲ್ಲ. ಬಂದ ಹಣವನ್ನು ನಮ್ಮ ಖಾತೆಗೆ ಏರಿಸಬೇಕಾದವರು ಮನೆಯಲ್ಲಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ. ಅವರ ಮೇಲಿನವರನ್ನು ಹಿಡಿದು, ಅವರು ಇನ್ನೊಬ್ಬರನ್ನು ಹಿಡಿದು, ಬೌಸರ್ ಬಂದಾಗ ಒಂಬತ್ತು ದಾಟಿತ್ತು. ಇಂಧನ ತುಂಬಿದ್ದು ಕಾಲು ಗಂಟೆಯಲ್ಲಿ.

ಕಾರಿನಲ್ಲಿ ಎಸಿ ಹಾಕಿಕೊಂಡು ಕುಳಿತಿದ್ದ ನಾಯಕರು ಗಾಜು ಇಳಿಸಿ ಕೇಳಿದರು: "ಬಂಕಲ್ಲಿ ಐದು ನಿಮಿಷಕ್ಕೆ ಹಾಕ್ತಾರೆ, ನಿಮಗೇನ್ರೀ ಎರಡು ಗಂಟೆ?" ಉತ್ತರ ಹೇಳಹೊರಟರೆ ಇನ್ನೂ ತಡವಾಗುತ್ತಿತ್ತು. "ಹೊರಟೆವು ಸರ್" ಎಂದೆ.

ಏಪ್ರಿಲ್ 18, ಮಂಗಳವಾರ

ಆಪರೇಷನ್ಸ್‌ಗೆ ಹೊಸದಾಗಿ ಸೇರಿದ ಹುಡುಗನಿಗೆ ಇವತ್ತು ಲೆಕ್ಕದ ಪಾಠ. ನಮ್ಮ ಕಿಂಗ್ ಏರ್ ವಿಮಾನದ ಮುಳ್ಳು ಇಂಧನವನ್ನು ಪೌಂಡ್‌ನಲ್ಲಿ ತೋರಿಸುತ್ತದೆ, ಬೌಸರ್‌ನ ಮೀಟರ್ ಲೀಟರ್‌ನಲ್ಲಿ. ಕ್ಯಾಪ್ಟನ್ ಸಾವಿರ ಪೌಂಡ್ ಎಂದರೆ 453.6 ಕಿಲೋ. ಸಾಂದ್ರತೆ 0.79 ಇದ್ದರೆ 574 ಲೀಟರ್. ಬಿಸಿಲಿಗೆ ಇಂಧನ ಹಿಗ್ಗಿ 0.78ಕ್ಕೆ ಇಳಿದರೆ 581.5. ಇದನ್ನು ಬೌಸರ್ ಬರುವ ಮೊದಲೇ ಚೀಟಿಯಲ್ಲಿ ಬರೆದಿಟ್ಟಿರಬೇಕು, ರೆಕ್ಕೆಯ ಕೆಳಗೆ ನಿಂತು ಮೊಬೈಲ್‌ನಲ್ಲಿ ಗುಣಿಸಬಾರದು ಎಂದೆ.

"ಏಳು ಲೀಟರ್‌ಗೆ ಇಷ್ಟೊಂದಾ ಸರ್?" ಎಂದ. ಗಿಮ್ಲಿಯ ಕತೆ ಹೇಳಿದೆ. 1983ರ ಜುಲೈ 23. ಏರ್ ಕೆನಡಾದ ಹೊಸ ಬೋಯಿಂಗ್ 767. ಬೇಕಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋಗೆ ತಿರುಗಿಸುವಲ್ಲಿ ಸುಮಾರು 0.8ರಿಂದ ಗುಣಿಸುವ ಬದಲು ಪೌಂಡ್‌ನ 1.77 ಹಿಡಿದರು. ಅರ್ಧಕ್ಕೂ ಕಡಿಮೆ ಇಂಧನದಲ್ಲಿ ಹೊರಟ ವಿಮಾನದ ಎರಡೂ ಎಂಜಿನ್‌ಗಳು ಆಕಾಶದಲ್ಲೇ ನಿಂತವು. ತೇಲಿಸಿಕೊಂಡು ಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದ ಪೈಲಟ್‌ನ ಕೈಚಳಕ ದೊಡ್ಡದು, ಎಲ್ಲರೂ ಬದುಕಿದರು. ಹುಡುಗ ಸುಮ್ಮನಾದ. ಸಂಜೆ ನೋಡಿದರೆ ಸಾಂದ್ರತೆಯ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದ್ದಾನೆ. ಉಳಿಯುವ ಹುಡುಗ.

ಏಪ್ರಿಲ್ 22, ಶನಿವಾರ. ಉತ್ತರದ ಒಂದು ಜಿಲ್ಲಾ ನಿಲ್ದಾಣ

ಇಡೀ ನಿಲ್ದಾಣಕ್ಕೆ ಒಂದೇ ಬೌಸರ್. ನಾವು ಇಳಿದ ಹೊತ್ತಿಗೆ ಅದು ಬರಬೇಕಿದ್ದ ಏರ್‌ಬಸ್‌ಗೆ ಕಾದು ನಿಂತಿತ್ತು. ಏರ್‌ಬಸ್ ನಲವತ್ತು ನಿಮಿಷ ತಡ ಎಂದು ಗೊತ್ತಾಯಿತು. ಆ ನಲವತ್ತು ನಿಮಿಷದಲ್ಲಿ ನಮಗೆ ಹಾಕಿ ವಾಪಸ್ ಹೋಗಿ ನಿಲ್ಲಬಹುದಿತ್ತು. ಹೋಗು ಎಂದು ಹೇಳುವವರು ಯಾರು? ಬೌಸರ್ ತೈಲ ಕಂಪನಿಯದು, ವಿಮಾನ ತಳ್ಳುವವರು ಹ್ಯಾಂಡ್ಲಿಂಗ್ ಏಜೆನ್ಸಿಯವರು, ನಿಂತ ಜಾಗ ನಿಲ್ದಾಣದವರದು, ಹೊರಡುವ ಅನುಮತಿ ಟವರ್‌ನದು. ಒಬ್ಬೊಬ್ಬರನ್ನೂ ಕೇಳಿದೆ. ತಮ್ಮ ಪಾಲಿನ ಕೆಲಸಕ್ಕೆ ತಾವು ತಯಾರಿದ್ದೇವೆ ಎಂದರು, ಸುಳ್ಳೇನೂ ಅಲ್ಲ. ಅಷ್ಟೂ ಪಾಲನ್ನು ಜೋಡಿಸುವ ಕೆಲಸ ಯಾರ ಪಟ್ಟಿಯಲ್ಲೂ ಇಲ್ಲ. ದೊಡ್ಡ ವಿಮಾನ ಸಂಸ್ಥೆಗಳಿಗೆ ಅದನ್ನೇ ಮಾಡಲು ಪ್ರತಿ ನಿಲ್ದಾಣದಲ್ಲೂ ಅವರದೇ ಜನ ಇರುತ್ತಾರೆ. ನಮ್ಮಂಥವರಿಗೆ ಫೋನೇ ಗತಿ.

ನೂರೆಂಬತ್ತು ಸೀಟಿನ ವಿಮಾನಕ್ಕೆ ಮೊದಲು ಹಾಕುವುದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿದ್ದವರು ಐದು ಜನ.

ತಡ ಅಲ್ಲಿಗೇ ನಿಲ್ಲಲಿಲ್ಲ. ಹೊರಡುವ ವೇಳೆ ಫ್ಲೈಟ್ ಪ್ಲಾನ್‌ಗಿಂತ ಅರ್ಧ ಗಂಟೆ ಮೀರಿದರೆ ತಿದ್ದುಪಡಿ ಕಳಿಸಬೇಕು. ವಾಯು ರಕ್ಷಣೆಯ ಅನುಮತಿಯ (ಎಡಿಸಿ) ಸಂಖ್ಯೆಯನ್ನೂ ಮತ್ತೆ ನೋಡಿಕೊಳ್ಳಬೇಕು. ಅದು ಮುಗಿಯುವಷ್ಟರಲ್ಲಿ ಎಂಜಿನ್ ಹಚ್ಚಲು ಬೇಕಾದ ವಿದ್ಯುತ್ ಗಾಡಿಯ ತಕರಾರು. ನಿಲ್ದಾಣದಲ್ಲಿದ್ದದ್ದು ಏರ್‌ಬಸ್‌ಗೆ ಕೊಡುವ 115 ವೋಲ್ಟ್, 400 ಹರ್ಟ್ಸ್‌ನ ಎಸಿ. ನಮಗೆ ಬೇಕು 28 ವೋಲ್ಟ್ ಡಿಸಿ. ಅದಿಲ್ಲದಿದ್ದರೆ ವಿಮಾನದ ಬ್ಯಾಟರಿಯೇ ಗತಿ. ಬ್ಯಾಟರಿ ಸೊರಗಿದ್ದರೆ ಟರ್ಬೈನ್ ಸಾಕಷ್ಟು ಜೋರಾಗಿ ತಿರುಗದೆ ಒಳಗಿನ ಶಾಖ ಮಿತಿ ಮೀರುತ್ತದೆ, ಎಂಜಿನ್ನೇ ಹೋಗುತ್ತದೆ. ಕ್ಯಾಪ್ಟನ್ ವೋಲ್ಟೇಜ್ ನೋಡಿ, ಸಾಕು ಎಂದು ಬ್ಯಾಟರಿಯಲ್ಲೇ ಹಚ್ಚಿದರು.

ಇವತ್ತು ಮೆಚ್ಚಿದ್ದು ಒಬ್ಬರನ್ನು, ಬೌಸರ್‌ನ ಹಿರಿಯರನ್ನು. ಕೊನೆಗೂ ಗಾಡಿ ಬಂದಾಗ ನಾಯಕರ ಆಪ್ತ ಸಹಾಯಕ ಓಡಿಹೋಗಿ "ಲಗೂನ ಹಾಕ್ರಿ" ಎಂದು ಎಗರಾಡಿದ. ಅವರು ತಿರುಗಿಯೂ ನೋಡಲಿಲ್ಲ. ಮೊದಲು ವಿಮಾನಕ್ಕೂ ಬೌಸರ್‌ಗೂ ತಂತಿ ಬಿಗಿದರು. ಗಾಜಿನ ಜಾಡಿಯಲ್ಲಿ ಇಂಧನ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಸಿರಿಂಜ್‌ಗೆ ಹಳದಿ ಬಿಲ್ಲೆ ಸಿಕ್ಕಿಸಿ ಎಳೆದರು. ನೀರಿದ್ದರೆ ಅದು ಹಸಿರಾಗುತ್ತದೆ. "ಗಡಿಬಿಡಿ ಮಾಡಬ್ಯಾಡ್ರಿ. ನೀರಿನ ಪರೀಕ್ಷಾ ಆಗೂತನಕ ನಾ ಪೈಪ್ ಎತ್ತಂಗಿಲ್ಲ. ಮ್ಯಾಲೆ ಹೋಗಾವ್ರು ನೀವs ಅದೀರಿ." ರೆಕ್ಕೆಯ ಮೇಲೆ ರಬ್ಬರ್ ಹಾಸಿ, ಮೊದಲು ಮುಖ್ಯ ಟ್ಯಾಂಕ್, ಆಮೇಲೆ ಪಕ್ಕದ್ದು. ಅವರ ಕೆಲಸಕ್ಕೆ ಹಿಡಿದ ಒಂದು ನಿಮಿಷವನ್ನೂ ನಾನು ತಡದ ಲೆಕ್ಕಕ್ಕೆ ಬರೆದಿಲ್ಲ.

ಏಪ್ರಿಲ್ 27, ಗುರುವಾರ

ಮಧ್ಯಾಹ್ನ ಗುಡುಗು. ಸಿಡಿಲು ಹತ್ತಿರವಿದ್ದಾಗ ಇಂಧನ ಹಾಕುವುದಿಲ್ಲ. ಕಾದೆವು. ಇದಕ್ಕೆ ಯಾರನ್ನೂ ಬೈಯುವಂತಿಲ್ಲ, ಬೈದರು.

ವಿಮಾನ ತರಬೇತಿ ನಡೆಯುವ ಜಕ್ಕೂರಿನಿಂದ ಹಳೆಯ ಗೆಳೆಯ ಫೋನ್ ಮಾಡಿದ್ದ. ಅವನ ತರಬೇತಿ ವಿಮಾನಗಳ ಚಿಂತೆಯೇ ಬೇರೆ. ಅವಕ್ಕೆ ಬೇಕಾದ್ದು ನೀಲಿ ಬಣ್ಣದ ಎವಿಗ್ಯಾಸ್. ನಮ್ಮ ಟರ್ಬೈನ್ ಇಂಧನ ಅಂಥ ಪಿಸ್ಟನ್ ಎಂಜಿನ್‌ಗೆ ಹೋದರೆ ವಿಮಾನ ಏರಿದ ಮೇಲೆ ಕೈಕೊಡುತ್ತದೆ. ಅದಕ್ಕೇ ಜೆಟ್ ಇಂಧನದ ನಳಿಕೆಯ ಬಾಯಿಯನ್ನು ಅಗಲ ಮಾಡಿರುತ್ತಾರೆ. ಎವಿಗ್ಯಾಸ್ ಮೊನ್ನೆ ಮೊನ್ನೆವರೆಗೆ ಪೂರಾ ಹೊರದೇಶದಿಂದ ಬರುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಿದ್ದನ್ನು ಬಿಡುಗಡೆ ಮಾಡಿತು. ನಮ್ಮದು ಬೌಸರ್ ಯಾವಾಗ ಬಂದೀತು ಎಂಬ ಗೋಳು, ಅವನದು ಬ್ಯಾರಲ್ ಬಂದೀತೇ ಎಂಬುದು. ಹೋಲಿಸಿದರೆ ನಾವೇ ಸುಖಿಗಳು.

ಮೇ 2, ಮಂಗಳವಾರ

ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದ್ದಾರೆ. ಮಾರ್ಚ್ 6ರಂದು ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆಗಳು ಎದ್ದು ಹಾರಿದ್ದವು. ಪೈಲಟ್ ಮೇಲೆತ್ತಿಕೊಂಡು ಹೋಗಿ, ಮೈದಾನ ಗುಡಿಸಿದ ಮೇಲೆ ಬಂದು ಇಳಿಸಿದರು. ಹದ್ದನ್ನು ಯಾರೂ ತಡೆಯಲಾರರು. ಮೈದಾನ ಗುಡಿಸಬಹುದು. ನಾಳೆಯ ಹೆಲಿಪ್ಯಾಡ್‌ಗಳ ಪಟ್ಟಿ ಹಿಡಿದು ಒಂದೊಂದು ಊರಿಗೂ ಹುಡುಗನಿಂದ ಫೋನ್ ಮಾಡಿಸಿದೆ: ಕಸ ತೆಗೆದಿದ್ದೀರಾ, ನೀರು ಹೊಡೆದಿದ್ದೀರಾ, ಇಂಧನದ ಬ್ಯಾರಲ್ ನೆರಳಿನಲ್ಲಿದೆಯಾ, ಸೀಲ್ ಇದೆಯಾ.

ಮೇ 6, ಶನಿವಾರ

ಭಾಷಣ ಮುಕ್ಕಾಲು ಗಂಟೆ ಉದ್ದವಾದರೆ ಅದು ಜನರ ಪ್ರೀತಿ. ಬೌಸರ್ ಹತ್ತು ನಿಮಿಷ ತಡವಾದರೆ ಅದು ಕಂಪನಿಯ ಬೇಜವಾಬ್ದಾರಿ. ಇವತ್ತು ಹೆಲಿಕಾಪ್ಟರ್ ತಾಲ್ಲೂಕು ಮೈದಾನದಲ್ಲೇ ರಾತ್ರಿ ಕಳೆಯುತ್ತಿದೆ. ಹೊರಗೆ ಕಣ್ಣಿಟ್ಟು ನಡೆಸುವ ಹಾರಾಟಕ್ಕೆ (ವಿಎಫ್‌ಆರ್) ಸೂರ್ಯ ಮುಳುಗಿ ಇಪ್ಪತ್ತು ನಿಮಿಷದವರೆಗೆ ಮಾತ್ರ ಅವಕಾಶ. ನಾಯಕರು ಮೈಕ್ ಬಿಟ್ಟಾಗಲೇ ಅದು ಮುಗಿಯುತ್ತ ಬಂದಿತ್ತು. "ಐದು ನಿಮಿಷದಲ್ಲಿ ಏನಾಗುತ್ತೆ?" ಎಂದು ಕೇಳಿದರಂತೆ. ಪೈಲಟ್ ಕೀಲಿ ಜೇಬಿಗೆ ಹಾಕಿಕೊಂಡು, "ನಾಳೆ ಬೆಳಿಗ್ಗೆ ಸಿಗೋಣ ಸರ್" ಎಂದರಂತೆ. ನಾಯಕರು ರಸ್ತೆಯಲ್ಲಿ ಹೋದರು.

ಅತ್ತ ಅವರಿಗಾಗಿ ಕಿಂಗ್ ಏರ್ ಕಾದು ನಿಂತಿದ್ದ ನಿಲ್ದಾಣದಲ್ಲಿ ವಾಚ್ ಅವರ್ಸ್, ಅಂದರೆ ನಿಲ್ದಾಣ ತೆರೆದಿರುವ ವೇಳೆ, ಮುಗಿಯುವುದರಲ್ಲಿತ್ತು. ಮುಂದುವರಿಸಿ ಎಂದು ಪತ್ರ ಬರೆದು, ಶುಲ್ಕ ಕಟ್ಟುತ್ತೇವೆಂದು ಒಪ್ಪಿಕೊಂಡೆ. ಟವರ್‌ನವರು ಕೂತರು, ಅಗ್ನಿಶಾಮಕದವರು ಕೂತರು. ಬೌಸರ್‌ನವರಿಗೆ ಹೇಳಬೇಕಾದವರು ಯಾರು ಎಂಬುದು ಎಂದಿನಂತೆ ಯಾರಿಗೂ ಗೊತ್ತಿರಲಿಲ್ಲ. ನಾನೇ ಹೇಳಿದೆ. ಏಪ್ರಿಲ್ 22ರ ಮೇಲೆ ಇದೊಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಹಿಂದಿನ ರಾತ್ರಿಯೇ ನಾಲ್ಕೂ ಕಡೆಯವರಿಗೆ ಒಂದೇ ಸಂದೇಶ. ಇಳಿಯುವ ವೇಳೆ, ಬೇಕಾದ ಲೀಟರ್, ವಿದ್ಯುತ್ 28 ವೋಲ್ಟ್ ಡಿಸಿ, ಮುಂಗಾಲಿನ ಗಾಲಿಯನ್ನು ಕೆಂಪು ಗುರುತು ದಾಟಿಸಿ ತಿರುಗಿಸಬೇಡಿ, ಹೊರಡುವ ವೇಳೆ, ನನ್ನ ನಂಬರ್. ಅರ್ಧ ತಲೆನೋವು ಇಳಿದಿದೆ.

ಮೇ 9, ಮಂಗಳವಾರ

ಪ್ರಚಾರ ನಿನ್ನೆ ಸಂಜೆ ನಿಂತಿತು. ನಾಳೆ ಮತದಾನ.

ಮಾಲೀಕರ ಜೊತೆ ಕುಳಿತು ತಿಂಗಳ ಲೆಕ್ಕ ನೋಡಿದೆ. ಗಿರಾಕಿಗಳಿಗೆ ನಾವು ಕೊಡುವ ಕೊಟೇಶನ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ 50 ನಿಮಿಷ, ನೆಲದ ಮೇಲೆ 30 ನಿಮಿಷ ಎಂದು ಬರೆದಿರುತ್ತೇವೆ. ಆ ಐವತ್ತು ನಿಜ. ಮೂವತ್ತನ್ನು ಬರೆದವರು ಬೌಸರ್ ಕಂಡವರಲ್ಲ. ಒಂದೂಕಾಲು ಗಂಟೆ ಎಂದು ಬದಲಾಯಿಸಿ ಎಂದೆ. "ಪಕ್ಕದವರು ಮೂವತ್ತೇ ಬರೀತಾರಲ್ರೀ, ಗಿರಾಕಿ ಅಲ್ಲಿಗೆ ಹೋಗ್ತಾನೆ" ಎಂದರು. ಹೋಗಲಿ, ಪಕ್ಕದವರಿಗೂ ಅದೇ ಒಂದು ಬೌಸರ್ ಬರಬೇಕು ಎಂದೆ. ನಕ್ಕು, ತಿದ್ದಿ, ನಲವತ್ತೈದು ಮಾಡಿದ್ದಾರೆ. ಅದೂ ಸುಳ್ಳು.